ಏಳು ತಿಂಗಳ ಕ್ರೆಡಿಟ್, ಒಂದು ಕಾರು

ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ ಜೂನ್ ಬಿಸಿಲು ನಮ್ಮ ಗದಗಿನ ಏಪ್ರಿಲ್ ಬಿಸಿಲಿಗೆ ಏನೂ ಕಡಿಮೆಯಿಲ್ಲ. ಆದರೆ ಗದಗಿನಲ್ಲಿ ಕೈ ಅಡ್ಡ ಹಿಡಿದರೆ ಆಟೋ ನಿಲ್ಲುತ್ತದೆ. ಇಲ್ಲಿ ಮನೆಯಿಂದ ಇಂಡಿಯನ್ ಅಂಗಡಿಗೆ ಎರಡೂವರೆ ಮೈಲಿ. ಡಲ್ಲಾಸ್ ಮತ್ತು ಸುತ್ತಲಿನ ಕೆಲವು ಊರುಗಳಿಗೆ ಡಾರ್ಟ್ ಎಂಬ ಸಾರಿಗೆ ಸಂಸ್ಥೆಯ ಬಸ್ಸು, ರೈಲು ಇವೆ. ಫ್ರಿಸ್ಕೋ ಅದಕ್ಕೆ ಸೇರಿಲ್ಲ. ಒಂದು ಶನಿವಾರ ಎರಡು ಗ್ಯಾಲನ್ ಹಾಲು, ಹತ್ತು ಪೌಂಡ್ ಅಕ್ಕಿ ಹಿಡಿದುಕೊಂಡು ನಡೆದು ಬಂದೆ. ಫುಟ್‌ಪಾತ್ ಅರ್ಧದಲ್ಲೇ ಮುಗಿದುಹೋಗಿತ್ತು. ಮನೆ ಮುಟ್ಟುವ ಹೊತ್ತಿಗೆ ಬೆರಳುಗಳ ಮೇಲೆ ಹಾಲಿನ ಕ್ಯಾನಿನ ಹಿಡಿಕೆಯ ಕೆಂಪು ಗೆರೆ ಮೂಡಿತ್ತು, ಹಾಲು ಬೆಚ್ಚಗಾಗಿತ್ತು.

ಪಕ್ಕದ ಮನೆಯ ಮಂಡ್ಯದ ಅಕ್ಕ ನೋಡಿ ಬೈದರು. "ಒಂದ್ ಫೋನ್ ಮಾಡಕ್ಕೇನಪ್ಪ ನಿಂಗೆ? ನಾವಿಲ್ವಾ?" ಅಂದರು. ಅವರು ಇದ್ದರು, ಏಳು ತಿಂಗಳಿಂದ ಇದ್ದರು. ನನ್ನ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ. ಆದರೆ ಎಷ್ಟು ದಿನ ಅಂತ ಇನ್ನೊಬ್ಬರ ಕಾರಿನಲ್ಲಿ ಹೋಗುವುದು? ಅವತ್ತು ರಾತ್ರಿಯೇ ಕಾರು ತಗೊಳ್ಳೋಣ ಅಂತ ನಾವಿಬ್ಬರೂ ತೀರ್ಮಾನ ಮಾಡಿದೆವು.

ಬೆಂಗಳೂರಿನಲ್ಲಿ ನನಗೆ ಹನ್ನೊಂದು ವರ್ಷದ ಲೆಕ್ಕವಿತ್ತು. ಬೈಕ್ ಸಾಲ ತೀರಿಸಿದ್ದೆ, ಗೃಹಸಾಲದ ಒಂದು ಕಂತೂ ತಪ್ಪಿಸಿರಲಿಲ್ಲ. ಸಿಬಿಲ್ ಸ್ಕೋರ್ 800 ದಾಟಿತ್ತು. ಆ ಲೆಕ್ಕ ಯಾವುದೂ ವಿಮಾನ ಹತ್ತಿ ಜೊತೆಗೆ ಬರುವುದಿಲ್ಲ. ಇಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ಜಾತಕ ಇಟ್ಟುಕೊಂಡಿರುತ್ತವೆ. ಹೊಸದಾಗಿ ಬಂದವರ ಹೆಸರಿನಲ್ಲಿ ಅಲ್ಲಿ ಖಾಲಿ ಹಾಳೆಯೂ ಇರುವುದಿಲ್ಲ. ಸಾಲ ಕೊಡುವವರು ಇಲ್ಲಿ ನೋಡುವ ಫೈಕೋ ಸ್ಕೋರ್ ಹುಟ್ಟಬೇಕಾದರೆ ಒಂದು ಖಾತೆಗಾದರೂ ಆರು ತಿಂಗಳು ತುಂಬಿರಬೇಕು. ನಾನು ಬಂದ ತಿಂಗಳೇ 500 ಡಾಲರ್ ಠೇವಣಿ ಇಟ್ಟು ಒಂದು ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ ಮಾಡಿಸಿದ್ದೆ. ಏಳನೇ ತಿಂಗಳಿಗೆ ಸ್ಕೋರ್ 704 ಅಂತ ತೋರಿಸಿತು. 300ರಿಂದ 850ರವರೆಗಿನ ಅಳತೆಯಲ್ಲಿ 704 ಪರವಾಗಿಲ್ಲ ಅಲ್ವಾ, ಸಾಲ ಸಿಕ್ಕೇ ಸಿಗುತ್ತದೆ ಅಂದುಕೊಂಡೆ.

ಮೊದಲು ನನ್ನ ಸಂಬಳ ಬೀಳುವ ಬ್ಯಾಂಕಿನಲ್ಲೇ ಅರ್ಜಿ ಹಾಕಿದೆ. ಆಗುವುದಿಲ್ಲ ಅಂತ ಪತ್ರ ಬಂತು. ಓದಿ ಬೇಜಾರಾಯಿತು ನಿಜ. ಆದರೆ ಅಂಥ ಪತ್ರ ಬಂದರೆ ದಯವಿಟ್ಟು ಹರಿದು ಹಾಕಬೇಡಿ. ಸಾಲ ಯಾಕೆ ಕೊಡಲಿಲ್ಲ ಅಂತ ತಿಳಿದುಕೊಳ್ಳುವ ಹಕ್ಕು ಇಲ್ಲಿನ ಕಾನೂನು ನಮಗೆ ಕೊಟ್ಟಿದೆ, ನಾವು ಇಲ್ಲಿಯ ಪೌರರಲ್ಲದಿದ್ದರೂ. ಆ ಪತ್ರ ಬಂದ 60 ದಿನದೊಳಗೆ, ಅವರು ನೋಡಿದ ಕ್ರೆಡಿಟ್ ವರದಿಯ ಪ್ರತಿಯನ್ನು ಪುಕ್ಕಟೆಯಾಗಿ ತರಿಸಿಕೊಳ್ಳಬಹುದು. ನನ್ನ ಪತ್ರದಲ್ಲಿ ಎರಡು ಕಾರಣ ಇದ್ದವು: ಇತಿಹಾಸ ಬಹಳ ಚಿಕ್ಕದು, ಕಂತಿನ ಸಾಲದ ಅನುಭವ ಇಲ್ಲ. ಆಗ ಅರ್ಥವಾಯಿತು. ಸ್ಕೋರ್ ಬೇರೆ, ಆ ಸ್ಕೋರಿನ ಹಿಂದೆ ಎಷ್ಟು ಲೆಕ್ಕ ಇದೆ ಅನ್ನೋದು ಬೇರೆ. ಒಂದೇ ಕಾರ್ಡಿನ ಏಳು ತಿಂಗಳ 704, ಹತ್ತು ವರ್ಷದ 704 ಎರಡನ್ನೂ ಸಾಲ ಕೊಡುವವರು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಮುಂದಿನ ಶನಿವಾರ ಒಬ್ಬ ಡೀಲರ್ ಹತ್ತಿರ ಹೋದೆವು. ನಾಲ್ಕು ವರ್ಷ ಹಳೆಯ ಕೊರೊಲಾ, ಬೆಲೆ 19,500 ಡಾಲರ್. ಟೆಕ್ಸಾಸ್‌ನಲ್ಲಿ ಕಾರಿನ ಮೇಲೆ ಶೇ 6.25 ತೆರಿಗೆ. ಅದೂ, ನೋಂದಣಿ, ಕಾಗದಪತ್ರದ ಖರ್ಚೂ ಸೇರಿ ಸುಮಾರು 21,000. ನನ್ನ ಕೈಯಲ್ಲಿ 3,000 ಇತ್ತು. ಉಳಿದ 18,000ಕ್ಕೆ ಸಾಲ.

ಕಾರು ನೋಡಿದ್ದು ಅರ್ಧ ಗಂಟೆ, ಫೈನಾನ್ಸ್ ರೂಮಿನಲ್ಲಿ ಕೂತಿದ್ದು ಎರಡು ಗಂಟೆ. ಅಲ್ಲಿದ್ದಾತ ಬಹಳ ವಿನಯದಿಂದ ಮಾತಾಡಿದ. ನೀರಿನ ಬಾಟಲಿ ಕೊಟ್ಟ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ತಿಂಗಳಿಗೆ ಎಷ್ಟಾದರೆ ನಿಮಗೆ ಕಷ್ಟ ಆಗುವುದಿಲ್ಲ?" ನಾನು "400ರ ಒಳಗೆ" ಅಂದೆ. ಅವನು ಕೀಲಿಮಣೆ ಕುಟ್ಟಿದ, ಪ್ರಿಂಟರ್‌ನಿಂದ ಒಂದು ಹಾಳೆ ಬಂತು. ಅದನ್ನು ನನ್ನ ಕಡೆಗೆ ತಿರುಗಿಸಿ ನೀಲಿ ಪೆನ್ನಿನಲ್ಲಿ 370 ಅನ್ನುವ ಅಂಕಿಯ ಸುತ್ತ ಎರಡು ಸಲ ಸುತ್ತು ಹಾಕಿದ. "ನೋಡಿ, ನೀವು ಹೇಳಿದ್ದಕ್ಕಿಂತ 30 ಕಡಿಮೆ."

ಹೆಂಡತಿಯ ಮುಖ ನೋಡಿದೆ. ಅವಳಿಗೂ ಸಮಾಧಾನವಾದಂತಿತ್ತು. ಸಹಿ ಹಾಕಿಬಿಡುತ್ತಿದ್ದೆ. ಆದರೆ ದೊಡ್ಡ ಕಾಗದಕ್ಕೆ ಸಹಿ ಹಾಕುವ ಮುಂಚೆ ಅಪ್ಪನಿಗೆ ಒಂದು ಮಾತು ಹೇಳುವುದು ನನಗೆ ಮೊದಲಿಂದ ಬಂದ ರೂಢಿ. ನಾಳೆ ಬರುತ್ತೇನೆ ಅಂದೆ. ಈ ದರ ಇವತ್ತಿಗೆ ಮಾತ್ರ ಅಂತ ಆತ ಹೇಳಿದ. ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದೆವು.

ಅಪ್ಪ ಗದಗ ತಾಲೂಕಿನ ಒಂದು ಹಳ್ಳಿಯ ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಸೆಕ್ರೆಟರಿ ಆಗಿದ್ದವರು. ಬೆಳೆ ಸಾಲ, ಗೊಬ್ಬರದ ಸಾಲ, ಎತ್ತಿನ ಸಾಲ ಅಂತ ಅವರ ಕೈ ದಾಟಿಹೋದ ಕಾಗದಕ್ಕೆ ಲೆಕ್ಕವಿಲ್ಲ. ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಗ್ಗೆ ಆರೂವರೆ. ಚಹಾ ಕುಡಿಯುತ್ತ ಪೇಪರ್ ಓದುತ್ತಿದ್ದರು. ನಾನು ಖುಷಿಯಿಂದ 370 ಅಂದೆ.

"ತಮ್ಮಾ, ತಿಂಗಳಾ ಎಷ್ಟು ಅನ್ನೂದು ಆಮ್ಯಾಲೆ. ಒಟ್ಟ ಎಷ್ಟ ಕಟ್ಟಬೇಕು? ಬಡ್ಡಿ ಎಷ್ಟ ಹಾಕ್ಯಾರ?"

ಹಾಳೆ ಬಿಚ್ಚಿ ನೋಡಿದೆ. ಬಡ್ಡಿ ಶೇ 13.9. ಅವಧಿ 72 ತಿಂಗಳು. ಗುಣಿಸಿದೆ: 26,640 ಡಾಲರ್. 18,000 ಸಾಲಕ್ಕೆ 8,640 ಬಡ್ಡಿ! ನನಗೆ ಎರಡು ನಿಮಿಷ ಮಾತೇ ಬರಲಿಲ್ಲ. ಆ ಎರಡು ಗಂಟೆಯಲ್ಲಿ ಒಟ್ಟು ಎಷ್ಟು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರು ವರ್ಷ ಅಂದರೆ ಹತ್ತು ವರ್ಷ ಹಳೆಯದಾದ ಕಾರಿಗೆ ಕಂತು ಕಟ್ಟುತ್ತಿರುತ್ತಿದ್ದೆ. ನನ್ನ ವೀಸಾ ಇರುವುದೇ ಎರಡು ವರ್ಷ ಚಿಲ್ಲರೆ.

ಊರಿನಿಂದ ಹೊಸದಾಗಿ ಬರುವವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ. ತಿಂಗಳ ಕಂತಿನ ಮಾತನ್ನು ಮೊದಲು ಎತ್ತಲೇಬೇಡಿ. ಅವಧಿ ಎಳೆದರೆ ಯಾವ ಬಡ್ಡಿಯನ್ನು ಬೇಕಾದರೂ ಸಣ್ಣ ಕಂತಿನೊಳಗೆ ಅಡಗಿಸಬಹುದು. ಮೊದಲು ಕಾರಿನ ಬೆಲೆ ಒಂದೇ ಮಾತಾಡಿ. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ಡೀಲರ್ ಮೂಲಕ ಸಾಲ ತೆಗೆದುಕೊಂಡರೆ ಹಣ ಕೊಡುವುದು ಹಿಂದಿರುವ ಬ್ಯಾಂಕು. ಬ್ಯಾಂಕು ಹೇಳಿದ ದರದ ಮೇಲೆ ಡೀಲರ್ ತನ್ನದೊಂದಿಷ್ಟು ಸೇರಿಸಿ ನಮಗೆ ಹೇಳಬಹುದು. ಇದು ಇಲ್ಲಿ ನಡೆದುಕೊಂಡು ಬಂದ ಪದ್ಧತಿ. ಹಾಗಾಗಿ ಆ ದರವನ್ನೂ ಚೌಕಾಸಿ ಮಾಡಬಹುದು, ಕೇಳಲು ಸಂಕೋಚ ಬೇಡ. ಸಹಿ ಹಾಕುವ ಒಪ್ಪಂದದಲ್ಲಿ ವಾರ್ಷಿಕ ಬಡ್ಡಿ ದರ, ಒಟ್ಟು ಬಡ್ಡಿ, ಸಾಲದ ಮೊತ್ತ, ಒಟ್ಟು ಕಟ್ಟಬೇಕಾದ ಹಣ ನಾಲ್ಕೂ ಕಣ್ಣಿಗೆ ಕಾಣುವಂತೆ ಇರಲೇಬೇಕು. 1968ರ ಕಾನೂನು ಅದು. ಬೇರೆ ಏನು ಓದದಿದ್ದರೂ ಆ ನಾಲ್ಕು ಓದಿ. ಸಹಿ ಹಾಕಿದ ಮೇಲೆ ಮೂರು ದಿನದೊಳಗೆ ಕಾರು ವಾಪಸ್ ಕೊಡಬಹುದು ಅಂತ ನಮ್ಮವರಲ್ಲೇ ಎಷ್ಟೋ ಜನ ನಂಬಿದ್ದಾರೆ. ಡೀಲರ್ ಅಂಗಡಿಯಲ್ಲಿ ಕೊಂಡ ಕಾರಿಗೆ ಅಂಥ ಕಾನೂನು ಟೆಕ್ಸಾಸ್‌ನಲ್ಲಿ ಇಲ್ಲ.

ಮಂಡ್ಯದ ಅಕ್ಕನಿಗೆ ಸುದ್ದಿ ಮುಟ್ಟಿತು. "ನಮ್ಮೆಜಮಾನ್ರು ಕೋಸೈನ್ ಮಾಡ್ತಾರೆ ಬಿಡು, ಅದಕ್ಯಾಕೆ ಯೋಚ್ನೆ" ಅಂದರು. ಅವರ ಮನೆಯವರಿಗೆ ಇಲ್ಲಿ ಹದಿನೈದು ವರ್ಷದ ಕ್ರೆಡಿಟ್. ಅವರು ಸಹಿ ಹಾಕಿದ್ದರೆ ಬಡ್ಡಿ ಅರ್ಧಕ್ಕೆ ಇಳಿಯುತ್ತಿತ್ತೇನೋ. ಅಪ್ಪನಿಗೆ ಹೇಳಿದಾಗ ಅವರ ದನಿ ಗಟ್ಟಿಯಾಯಿತು. "ಜಾಮೀನಕ್ಕ ಯಾರನ್ನೂ ಕರೀಬ್ಯಾಡ. ಸಾಲಾ ತಗೊಂಡಾವ ಊರ ಬಿಟ್ಟ ಹೋಗಿ, ಜಾಮೀನ ಕೊಟ್ಟಾವ ಹೊಲಾ ಮಾರಿದ್ದ ನಾ ನೋಡೀನಿ." ಇಲ್ಲಿನ ಕೋಸೈನರ್ ಕೂಡ ಅಷ್ಟೇ. ನಾನು ಕಟ್ಟದಿದ್ದರೆ ಪೂರ್ತಿ ಸಾಲ ಅವರ ತಲೆಗೆ. ನಾನು ಒಂದು ಕಂತು ತಡ ಮಾಡಿದರೂ ಅವರ ಹದಿನೈದು ವರ್ಷದ ಹೆಸರಿಗೆ ಮಸಿ. ಹಾಲಿನ ಕ್ಯಾನು ನೋಡಿ ಮರುಗಿದವರ ಮೇಲೆ ಆ ಭಾರ ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಕ್ರೆಡಿಟ್ ಯೂನಿಯನ್ ಅನ್ನುವ ಹೆಸರು ಹೇಳಿದ್ದು ಆಫೀಸಿನ ಒಬ್ಬ ಹಿರಿಯ ಸಹೋದ್ಯೋಗಿ. ಹತ್ತಿರದಲ್ಲೇ ಒಂದಿತ್ತು. ನಮ್ಮ ಕೌಂಟಿಯಲ್ಲಿ ವಾಸವಿದ್ದವರು ಯಾರು ಬೇಕಾದರೂ ಸದಸ್ಯರಾಗಬಹುದು. 5 ಡಾಲರ್ ಷೇರು ಖಾತೆಗೆ ಕಟ್ಟಬೇಕು. ಲಾಭ ಹೊರಗಿನ ಮಾಲೀಕರಿಗೆ ಹೋಗುವುದಿಲ್ಲ. ಸಂಸ್ಥೆ ಸದಸ್ಯರದೇ, ಎಷ್ಟೇ ಹಣ ಇಟ್ಟಿರಲಿ ಒಬ್ಬರಿಗೆ ಒಂದೇ ಓಟು. ಅಪ್ಪನಿಗೆ ಇದನ್ನು ವಿವರಿಸುತ್ತಿದ್ದೆ. ಅರ್ಧಕ್ಕೇ ತಡೆದರು. "ಹಂಗಾರ ಅದು ನಮ್ಮ ಸೊಸಾಯಿಟಿನ ಆತಲ್ಲೋ!"

ಹೌದು. ಪೂರ್ತಿ ಅದೇ. ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊಟ್ಟಮೊದಲ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದ್ದು 1905ರಲ್ಲಿ. ಅಮೆರಿಕದ ಮೊದಲ ಕ್ರೆಡಿಟ್ ಯೂನಿಯನ್ ಶುರುವಾಗಿದ್ದು 1908ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಊರಲ್ಲಿ. ಕಟ್ಟಿಕೊಂಡವರು ಕೆನಡಾದಿಂದ ವಲಸೆ ಬಂದು ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಫ್ರೆಂಚ್ ಮಾತಿನ ಜನ. ನಮ್ಮ ಹಳ್ಳಿಯವರು ಮೂರು ವರ್ಷ ಮುಂಚೆಯೇ ಮಾಡಿದ್ದರು! ಇದನ್ನು ಅಪ್ಪನಿಗೆ ಹೇಳಿದ ದಿನ ಅವರು ಪಕ್ಕದ ಮನೆಯವರನ್ನು ಕರೆದು ಫೋನ್ ಕೊಟ್ಟು, ಇನ್ನೊಂದು ಸಲ ಹೇಳು ಅಂದರು.

ಕ್ರೆಡಿಟ್ ಯೂನಿಯನ್ನಿನ ಸಾಲದ ಅಧಿಕಾರಿ ಒಬ್ಬ ವಯಸ್ಸಾದ ಹೆಂಗಸು. ಅವರು ಸ್ಕೋರ್ ನೋಡಿ ಅಲ್ಲಿಗೇ ನಿಲ್ಲಿಸಲಿಲ್ಲ. ಸಂಬಳದ ಚೀಟಿ, ಕಂಪನಿಯ ಪತ್ರ, ನನ್ನ ಎಚ್-1ಬಿ ಕೆಲಸದ ವೀಸಾದ ಅನುಮೋದನೆಯ ಕಾಗದ, ತಪ್ಪದೆ ಕಟ್ಟಿದ ಮನೆ ಬಾಡಿಗೆಯ ದಾಖಲೆ ಎಲ್ಲ ಕೇಳಿದರು. ವೀಸಾ ಮುಗಿಯುವ ತಾರೀಖಿನಾಚೆಗೆ ಸಾಲ ಕೊಡದ ಕಡೆಗಳೂ ಇವೆ. ಇವರು 48 ತಿಂಗಳಿಗೆ ಒಪ್ಪಿದರು. ಆದರೆ ಒಂದು ಸಲಹೆ ಕೊಟ್ಟರು: ಎರಡು ತಿಂಗಳು ಕಾಯಿರಿ, ಮುಂಗಡ ಹೆಚ್ಚು ಮಾಡಿ, ಕಾರ್ಡಿನ ಬಾಕಿ ಇಳಿಸಿ.

ಈ ಕಾರ್ಡಿನ ಬಾಕಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಪ್ರತಿ ತಿಂಗಳು ಪೂರ್ತಿ ಕಟ್ಟುತ್ತಿದ್ದೆ, ಸರಿಯಾಗಿದ್ದೇನೆ ಅಂದುಕೊಂಡಿದ್ದೆ. ಆದರೆ 500ರ ಮಿತಿಯಲ್ಲಿ ದಿನಸಿಗೇ 400 ಖರ್ಚಾಗುತ್ತಿತ್ತು. ಸ್ಟೇಟ್‌ಮೆಂಟ್ ದಿನ ಎಷ್ಟು ಬಾಕಿ ಇರುತ್ತದೋ ಸಾಮಾನ್ಯವಾಗಿ ಅದೇ ಅಂಕಿ ಕ್ರೆಡಿಟ್ ಸಂಸ್ಥೆಗಳಿಗೆ ಹೋಗುತ್ತದೆ. ನಾನು ಆಮೇಲೆ ಪೂರ್ತಿ ಕಟ್ಟಿದ್ದು ಅಲ್ಲಿ ಕಾಣುವುದಿಲ್ಲ. ನೂರಕ್ಕೆ ಎಂಬತ್ತು ಬಳಸುವವನು, ಹಣದ ತಾಪತ್ರಯದಲ್ಲಿ ಇರುವವನು ಅಂತ ನನ್ನ ಲೆಕ್ಕ ಹೇಳುತ್ತಿತ್ತು. ಫೈಕೋ ಸ್ಕೋರಿನಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟುವುದಕ್ಕೆ ಶೇ 35 ತೂಕ, ಬಾಕಿ ಎಷ್ಟಿದೆ ಅನ್ನುವುದಕ್ಕೆ ಶೇ 30. ಅವತ್ತಿಂದ ಸ್ಟೇಟ್‌ಮೆಂಟ್ ಬರುವ ಮೂರು ದಿನ ಮೊದಲೇ ಕಟ್ಟಿ, 40 ಡಾಲರಿಗಿಂತ ಜಾಸ್ತಿ ಉಳಿಸುತ್ತಿರಲಿಲ್ಲ. ಎರಡು ತಿಂಗಳಲ್ಲಿ ಸ್ಕೋರ್ 731 ಆಯಿತು. ನನ್ನ ಹೆಂಡತಿಗೆ ಎಚ್-4, ಅಂದರೆ ನನ್ನ ಜೊತೆ ಬಂದವಳಿಗೆ ಕೊಡುವ ವೀಸಾ. ಇಲ್ಲಿ ಕ್ರೆಡಿಟ್‌ಗೆ ಸಾಮಾನ್ಯವಾಗಿ ಕೇಳುವ ಸರ್ಕಾರಿ ಗುರುತಿನ ಸಂಖ್ಯೆ, ಸೋಶಿಯಲ್ ಸೆಕ್ಯೂರಿಟಿ ನಂಬರ್, ಅವಳಿಗೆ ಇಲ್ಲ, ಕ್ರೆಡಿಟ್ ಕಟ್ಟಿಕೊಳ್ಳಲು ದಾರಿಯೇ ಸಿಕ್ಕಿಲ್ಲ. ಬೆಂಗಳೂರಿನಲ್ಲಿ ನನ್ನಷ್ಟೇ ದುಡಿಯುತ್ತಿದ್ದವಳು. ಅದು ನನ್ನ ಮನಸ್ಸಿಗೆ ಈಗಲೂ ನೋವು.

ನಾಲ್ಕು ಕಡೆ ವಿಚಾರಿಸಿದರೆ ಸ್ಕೋರ್ ಬಿದ್ದುಹೋಗುತ್ತದೆ ಅನ್ನುವ ಹೆದರಿಕೆ ನನಗೂ ಇತ್ತು. ಹದಿನಾಲ್ಕು ದಿನದೊಳಗೆ ಕಾರು ಸಾಲಕ್ಕೆ ಅಂತಲೇ ಎಷ್ಟು ಕಡೆ ಅರ್ಜಿ ಹಾಕಿದರೂ ಸ್ಕೋರಿನ ಲೆಕ್ಕದಲ್ಲಿ ಒಂದೇ. ಹೀಗಾಗಿ ಎರಡು ವಾರ ಅಂತ ಗುರುತು ಮಾಡಿಕೊಂಡು ಮೂರು ಕಡೆ ಕೇಳಿದೆ. ಕ್ರೆಡಿಟ್ ಯೂನಿಯನ್ನಿನದೇ ಕಡಿಮೆ, ಶೇ 8.4. ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿ ಹಿಡಿದು, ಬೇರೆ ಡೀಲರ್ ಹತ್ತಿರ ಅಂಥದ್ದೇ ಕೊರೊಲಾ, ಹೆಚ್ಚುಕಡಿಮೆ ಅದೇ ಬೆಲೆಗೆ ಕೊಂಡೆವು. ಅಲ್ಲೂ ಅದೇ ಪ್ರಶ್ನೆ ಬಂತು, ತಿಂಗಳಿಗೆ ಎಷ್ಟು ಅಂತ. "ಸಾಲ ನಾನು ತಂದಿದ್ದೇನೆ, ಕಾರಿನ ಬೆಲೆ ಹೇಳಿ" ಅಂದೆ. ಹತ್ತು ನಿಮಿಷದಲ್ಲಿ ಮಾತು ಮುಗಿಯಿತು.

ಎರಡು ತಿಂಗಳು ಹೊರಗೆ ತಿನ್ನದೆ, ಊರಿನಿಂದ ತಂದ ಸ್ವಲ್ಪ ಹಣ ಸೇರಿಸಿ ಮುಂಗಡ 6,000 ಮಾಡಿದ್ದೆವು. ಸಾಲ 15,000. ಕಂತು 369 ಡಾಲರ್. ಮೊದಲ ಡೀಲರ್ ಸುತ್ತು ಹಾಕಿ ತೋರಿಸಿದ 370ರ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಕಂತು ಹೆಚ್ಚುಕಡಿಮೆ ಅಷ್ಟೇ, ಆದರೆ ಇದು ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಒಟ್ಟು ಬಡ್ಡಿ 2,700ರ ಆಸುಪಾಸು.

ಕಾರನ್ನು ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನಕ್ಕೆ ಒಯ್ದೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವರು ಮಂಡ್ಯದ ಅಕ್ಕ. ಹಿಂದಿನ ಸೀಟಿನಲ್ಲಿ ಮೊದಲು ಕೂತವರೂ ಅವರೇ.

ಆಗಸ್ಟ್‌ನಲ್ಲಿ ಸಾಲ, ಸೆಪ್ಟೆಂಬರ್‌ನಲ್ಲಿ ಮೊದಲ ಕಂತು. ಕಟ್ಟಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಅಸಲಿಗೆ ಎಷ್ಟ ಹೋತು, ಬಡ್ಡಿಗೆ ಎಷ್ಟ ಹೋತು?" ಅಂದರು. ಆ್ಯಪ್ ತೆರೆದು ಓದಿದೆ: ಅಸಲು 262, ಬಡ್ಡಿ 107. ಆಚೆ ಕಡೆ ಪೆನ್ನಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ದಿನಕ್ಕ ಮೂರು ಡಾಲರ್ ನಲವತ್ತೈದು ಸೆಂಟ್. ಮೂವತ್ತೊಂದ ದಿನದ್ದು ಹಿಡದಾರ. ಬರೋಬ್ಬರಿ ಐತಿ ತಮ್ಮಾ."