ಸೆಕೆಗೆ ನಿಲ್ಲುವ ಟೈಮಿಂಗ್: ರ‍್ಯಾಮ್ ಓವರ್‌ಕ್ಲಾಕ್, ಮೂರನೇ ವಾರ

ಮಂಗಳೂರಿನ ಬಿಜೈಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಮೂರು ವಾರದಿಂದ ಒಂದೇ ಕೆಲಸ: ಕಂಪ್ಯೂಟರಿನ ರ‍್ಯಾಮ್, ಅಂದರೆ ಮೆಮೊರಿಯನ್ನು, ಚೀಟಿಯಲ್ಲಿ ಬರೆದದ್ದಕ್ಕಿಂತ ಜೋರಾಗಿ ಓಡಿಸುವುದು. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಒಂದು ಅಂಕೆ ಬದಲಿಸು, ಟೆಸ್ಟ್ ಹಾಕು, ಕೆಳಗೆ ಹೋಗಿ ಚಹಾ ಕುಡಿ, ಬಂದು ನೋಡು. ಎರರ್ ಇದ್ದರೆ ಮತ್ತೆ ಮೊದಲಿನಿಂದ.

ಸಾಮಾನು ಇಷ್ಟು: ರೈಝೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ಸ್ಟಿಕ್ಕಿನ ಚೀಟಿಯಲ್ಲಿ ಬರೆದದ್ದು ಸ್ಪೀಡ್ 3200, ಟೈಮಿಂಗ್ (ಕಾಯುವ ಹೆಜ್ಜೆಗಳ ಲೆಕ್ಕ) 16-18-18-36, 1.35 ವೋಲ್ಟ್. ಚಿಪ್ ಯಾವುದೆಂದು ಹೇಳುವ ಥೈಫೂನ್ ಬರ್ನರ್ ಪ್ರೋಗ್ರಾಂ ಹಾಕಿ ನೋಡಿದರೆ ಒಳಗಿರುವುದು ಮೈಕ್ರಾನ್‌ನ ರೆವ್-ಇ ಚಿಪ್. ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಈ ಚಿಪ್‌ಗೆ ವೋಲ್ಟೇಜ್ ಕೊಟ್ಟರೆ ಮೊದಲ ಅಂಕೆ ಸಿಎಲ್ ಚೆನ್ನಾಗಿ ಇಳಿಯುತ್ತದೆ. ಎರಡನೆಯದು, ಟಿಆರ್‌ಸಿಡಿ, ಜಪ್ಪಯ್ಯ ಎಂದರೂ ಇಳಿಯುವುದಿಲ್ಲ. ಗೊತ್ತಿಲ್ಲದೆ ಮೊದಲ ವಾರ ಪೂರ್ತಿ ಅದರ ಹಿಂದೆಯೇ ಬಿದ್ದಿದ್ದೆ.

ಸ್ಪೀಡ್ ವಿಷಯದಲ್ಲಿ ನನಗೂ ಮೊದಲು ದೊಡ್ಡ ಅಂಕೆಯ ಮರುಳು ಇತ್ತು. 3600 ಎಂದು ಬರೆದರೂ ನಿಜವಾದ ಕ್ಲಾಕ್ 1800 ಮೆಗಾಹರ್ಟ್ಸ್. ಒಂದು ಕ್ಲಾಕಿನಲ್ಲಿ ಎರಡು ಸಲ ಡೇಟಾ ಹೋಗುವುದರಿಂದ ಡಬಲ್ ಲೆಕ್ಕ. ಸಿಎಲ್ 16 ಅಂದರೆ ಕೇಳಿದ ಡೇಟಾ ಬರಲು 16 ಹೆಜ್ಜೆ ಕಾಯಬೇಕು. ಹೆಜ್ಜೆ ಎಷ್ಟು ಉದ್ದ ಎನ್ನುವುದನ್ನು ಕ್ಲಾಕ್ ಹೇಳುತ್ತದೆ. ಸಿಎಲ್ ಅನ್ನು 2000ದಿಂದ ಗುಣಿಸಿ ಸ್ಪೀಡಿನಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಸಿಗುತ್ತದೆ. 3200ಕ್ಕೆ ಸಿಎಲ್ 16 ಆದರೆ 10. 3600ಕ್ಕೆ ಸಿಎಲ್ 18 ಆದರೂ ಅದೇ 10! ಕಾಯುವ ಹೊತ್ತಿನ ಮಟ್ಟಿಗೆ ಎರಡೂ ಒಂದೇ, ಅಲ್ವಾ? 3600ಕ್ಕೆ ಸಿಎಲ್ 16 ಸಿಕ್ಕಿದರೆ ಮಾತ್ರ 8.9ಕ್ಕೆ ಇಳಿಯುತ್ತದೆ. ನನಗೆ ಬೇಕಾದದ್ದು ಅದು.

ಆದರೂ ಆಸೆ ಬಿಡಬೇಕಲ್ಲ. ಮೊದಲು 3800ಕ್ಕೇ ಹೋದೆ. ರೈಝೆನ್‌ನಲ್ಲಿ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಒಳದಾರಿ ಉಂಟು. ಅದು ರ‍್ಯಾಮ್ ಕ್ಲಾಕಿಗೆ ಸರಿಸಮ ಓಡಿದರೆ ಚಂದ. 3800ಕ್ಕೆ ಅದು 1900ರಲ್ಲಿ ಓಡಬೇಕು. ಎರಡರ ಜೋಡಿ ತಪ್ಪಿದರೆ ಕಾಯುವ ಸಮಯ ಜಾಸ್ತಿಯಾಗುತ್ತದೆ, 4000 ಹಾಕಿದ ಮೆಷಿನ್ 3600ಕ್ಕಿಂತ ನಿಧಾನ ಆಗುವುದೂ ಹೀಗೆ. ನನ್ನದು 1900ರಲ್ಲಿ ಬೂಟ್ ಆಯಿತು, ರ‍್ಯಾಮ್ ಪರೀಕ್ಷಿಸುವ ಟೆಸ್ಟ್‌ಮೆಮ್5 ಕೂಡ ಪಾಸು. ಖುಷಿಯಲ್ಲಿ ತಂಗಿಯನ್ನು ಕರೆದು ತೋರಿಸಿದೆ. ಆಮೇಲೆ ವಿಂಡೋಸ್ ತನ್ನ ತಪ್ಪುಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆರೆದರೆ ವ್ಹೀ 19 ಎಂಬ ಹಾರ್ಡ್‌ವೇರ್ ಎಚ್ಚರಿಕೆ ಸಾಲುಗಟ್ಟಿ ಬಿದ್ದಿವೆ. ಒಳದಾರಿಯಲ್ಲಿ ತಪ್ಪಾಗುತ್ತಿತ್ತು, ಸಿಸ್ಟಮ್ ಅದನ್ನು ತಾನೇ ಸರಿಪಡಿಸಿಕೊಂಡು ಸುಮ್ನೆ ಇತ್ತು ಅಷ್ಟೆ. ಈ ಪ್ರೊಸೆಸರಿಗೆ ಕಂಪನಿ ಹೇಳಿದ್ದೇ 3200, ಮೇಲಿನದೆಲ್ಲ ನಮ್ಮ ಅದೃಷ್ಟ. ಹಾಗಾಗಿ 3600ಕ್ಕೆ ಇಳಿದೆ.

3600ರಲ್ಲಿ ಸಿಎಲ್ 15 ಕೊಟ್ಟೆ. ಬೂಟ್ ಆಯಿತು, ಟೆಸ್ಟ್ ಪಾಸು! ನಂಬಿಕೆ ಬರಲಿಲ್ಲ. ಓಡುತ್ತಿರುವ ಟೈಮಿಂಗ್ ತೋರಿಸುವ ಝೆನ್‌ಟೈಮಿಂಗ್ಸ್‌ನಲ್ಲಿ ನೋಡಿದರೆ 16 ಎಂದು ತೋರಿಸುತ್ತಿದೆ. ಬಯೋಸ್‌ನ ಗಿಯರ್ ಡೌನ್ ಮೋಡ್ ಎಂಬ ಸೆಟ್ಟಿಂಗ್ ಆನ್ ಇದ್ದರೆ ಬೆಸ ಅಂಕೆ ನಡೆಯುವುದಿಲ್ಲ, ಅದು ಹೇಳದೆ ಕೇಳದೆ ಮೇಲಿನ ಸಮ ಅಂಕೆಗೆ ಏರಿಸುತ್ತದೆ. ಹಾಗಾದರೆ ಆಫ್ ಮಾಡಿ ನೋಡುವ ಎಂದು ಹೊರಟದ್ದು ನನ್ನದೇ ತಪ್ಪು. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ತಾನಾಗಿ ಮೂರು ಸಲ ಆಫ್ ಆಗಿ ಆನ್ ಆಯಿತು, ಮತ್ತೂ ಕಪ್ಪು.

ಸಿಎಂಒಎಸ್ ಕ್ಲಿಯರ್ ಮಾಡುವ, ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸಿ ಮೊದಲಿನಂತೆ ಮಾಡುವ, ಎರಡು ಪಿನ್ ನಮ್ಮ ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲೇ. ರಾತ್ರಿ ಹನ್ನೊಂದೂವರೆಗೆ ಪ್ಲಗ್ ತೆಗೆದು, ಕಾರ್ಡ್ ಬಿಚ್ಚಿ ಹಾಸಿಗೆಯ ಮೇಲಿಟ್ಟೆ. ತಂಗಿ ಮೊಬೈಲ್ ಟಾರ್ಚ್ ಹಿಡಿದಳು. ಸ್ಕ್ರೂಡ್ರೈವರಿನ ತುದಿಯನ್ನು ಎರಡೂ ಪಿನ್ನಿಗೆ ತಾಗಿಸಿ ಹತ್ತು ಎಣಿಸಬೇಕು. ಏಳಕ್ಕೆ ಬರುವಾಗ ಹಣೆಯ ಬೆವರು ತೊಟ್ಟಾಗಿ ಇಳಿದು ಮೂಗಿನ ತುದಿಗೆ ಬಂತು. ಬೋರ್ಡಿಗೆ ಬೀಳುತ್ತದೆ ಎಂದು ತಲೆ ಹಿಂದೆ ಎಳೆದೆ, ಪಿನ್ ತಪ್ಪಿತು. ಮತ್ತೆ ಒಂದರಿಂದ. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ: "ಎಂತ ಮಾರಾಯ, ಇಷ್ಟು ಹೊತ್ತಿಗೆ ಅದನ್ನು ಬಿಚ್ಚಿ ಕೂತಿದ್ದಿ? ಸರಿ ಇದ್ದದ್ದೇ ಅಲ್ವಾ ಅದು?" ಸರಿ ಇದ್ದದ್ದೇ. ಅದಕ್ಕೆ ಉತ್ತರ ಇಲ್ಲ.

ಕೊನೆಗೆ ಗಿಯರ್ ಡೌನ್ ಆನ್, 1.40 ವೋಲ್ಟ್, 16-19-16-36. ಇಲ್ಲಿಯವರೆಗೆ ಸುಸೂತ್ರ. ನಿಜವಾದ ಪಾಠ ಕಲಿಸಿದ್ದು ಟಿಆರ್‌ಎಫ್‌ಸಿ.

ರ‍್ಯಾಮಿನ ಒಂದೊಂದು ಬಿಟ್ ಕೂಡ ಒಂದು ಪುಟ್ಟ ಕೆಪಾಸಿಟರಿನಲ್ಲಿ ಕೂತಿರುವ ಚಾರ್ಜ್. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ಕೊಡಪಾನದ ಹಾಗೆ ಅದು ಸೋರುತ್ತಲೇ ಇರುತ್ತದೆ. ಹಾಗಾಗಿ ಪ್ರತಿ 7.8 ಮೈಕ್ರೊಸೆಕೆಂಡಿಗೆ ಒಂದು ರಿಫ್ರೆಶ್ ಆಜ್ಞೆ ಹೋಗುತ್ತದೆ, ಒಂದಷ್ಟು ಸಾಲು ಮತ್ತೆ ತುಂಬುತ್ತದೆ. ಅಷ್ಟು ಹೊತ್ತು ರ‍್ಯಾಮ್ ಬೇರೆ ಕೆಲಸ ಮಾಡುವುದಿಲ್ಲ. ಈ ಹೊತ್ತೇ ಟಿಆರ್‌ಎಫ್‌ಸಿ. 8 ಗಿಗಾಬಿಟ್ ಚಿಪ್‌ಗೆ ಸ್ಟ್ಯಾಂಡರ್ಡ್ 350 ನ್ಯಾನೊಸೆಕೆಂಡ್, 3600ರಲ್ಲಿ ಅದು 630 ಹೆಜ್ಜೆ. ನಾನು 500ಕ್ಕೆ ಇಳಿಸಿದೆ, ಸುಮಾರು 278 ನ್ಯಾನೊಸೆಕೆಂಡ್. ಬೆಳಿಗ್ಗೆ ಐದೂವರೆಗೆ ಟೆಸ್ಟ್ ಹಾಕಿದೆ. ಏಳು ಗಂಟೆಗೆ ಪಾಸು. ಮರುದಿನವೂ ಪಾಸು.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಗೇಮ್ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಗೇಮ್ ಮಾಯ, ಡೆಸ್ಕ್‌ಟಾಪ್ ಎದುರಿಗೆ. ಟೆಸ್ಟ್ ಹಾಕಿದರೆ ಹನ್ನೆರಡನೇ ನಿಮಿಷಕ್ಕೆ ಎರರ್. ಅದೇ ಮೆಷಿನ್, ಅದೇ ಅಂಕೆ!

ಮೇ ತಿಂಗಳು, ತಲೆಯ ಮೇಲೆ ತಾರಸಿ, ಗಾಳಿ ಅಲ್ಲಾಡುವುದಿಲ್ಲ. ಈ ಸೆಕೆಯಲ್ಲಿ ಬೆವರುವವರು ನಾವು, ಚಿಪ್‌ಗೆ ಲೆಕ್ಕಕ್ಕೆ ಬರುವುದು ಬಿಸಿ ಮಾತ್ರ. ಬಿಸಿ ಏರಿದಷ್ಟೂ ಕೊಡಪಾನ ಬೇಗ ಸೋರುತ್ತದೆ. ನನ್ನ ಸ್ಟಿಕ್‌ನಲ್ಲಿ ಸೆನ್ಸರ್ ಇಲ್ಲ. ಮಲ್ಟಿಮೀಟರಿನ ಥರ್ಮೊಕಪಲ್ ತಂತಿಯನ್ನು ಟೇಪಿನಿಂದ ಸ್ಟಿಕ್ಕಿಗೆ ಅಂಟಿಸಿದೆ. ಮುಂಜಾನೆ ಟೆಸ್ಟ್ ಓಡುವಾಗ 41 ಡಿಗ್ರಿ. ಮಧ್ಯಾಹ್ನ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿಯೂ ಸೇರಿ 54. ಮುಂಜಾನೆಯ ಪಾಸಿಗೆ ನಮ್ಮ ಊರಿನಲ್ಲಿ ಬೆಲೆಯೇ ಇಲ್ಲ ಎಂದು ಆಗ ಗೊತ್ತಾಯಿತು.

ಈಗ ಕ್ರಮ ಬದಲಿಸಿದ್ದೇನೆ. ಟೆಸ್ಟ್ ಯಾವಾಗಲೂ ಮಧ್ಯಾಹ್ನ ಎರಡಕ್ಕೆ, ಕಿಟಕಿ ಮುಚ್ಚಿ, ಒಂದು ಗಂಟೆ ಗೇಮ್ ಆಡಿ ಡಬ್ಬಿಯನ್ನು ಬಿಸಿ ಮಾಡಿದ ಮೇಲೆ. 520ಕ್ಕೂ ಒಂದು ಎರರ್ ಬಂತು. 540, ಅಂದರೆ ಸರಿಯಾಗಿ 300 ನ್ಯಾನೊಸೆಕೆಂಡ್, ಮೂರು ಮಧ್ಯಾಹ್ನ ನಿಂತಿದೆ. ಹಳೆಯ ಕ್ಯಾಬಿನೆಟ್ಟಿನಿಂದ ತೆಗೆದ 80 ಮಿಮೀ ಫ್ಯಾನ್ ಒಂದನ್ನು ಸ್ಟಿಕ್ಕಿನ ಎದುರು ಝಿಪ್ ಟೈಯಲ್ಲಿ ಕಟ್ಟಿ ನೋಡಿದೆ, ಬಿಸಿ 47ಕ್ಕೆ ಇಳಿಯಿತು. ಆದರೂ ಆ ಧೈರ್ಯದಲ್ಲಿ 520ಕ್ಕೆ ಹೋಗಲಿಲ್ಲ. ಫ್ಯಾನ್ ಹಳೆಯದು, ಯಾವತ್ತು ನಿಲ್ಲುತ್ತದೋ.

ಏಯ್ಡಾ64 ಎಂಬ ಅಳೆಯುವ ಪ್ರೋಗ್ರಾಮಿನಲ್ಲಿ ಲೇಟೆನ್ಸಿ (ಕಾಯುವ ಸಮಯ) 73ರಿಂದ 64 ನ್ಯಾನೊಸೆಕೆಂಡಿಗೆ ಬಂದಿದೆ. ಗೇಮಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ? ಸತ್ಯ ಹೇಳುವುದಾದರೆ ಮೀಟರ್ ಇಟ್ಟರೆ ಮಾತ್ರ. ತಂಗಿಗೆ ಕೇಳಿದೆ. "ಮೊದಲಿಗಿಂತ ಶಬ್ದ ಜಾಸ್ತಿ" ಎಂದಳು. ಆ 80 ಮಿಮೀ ಫ್ಯಾನಿಗೆ ಒಂದು ತೊಟ್ಟು ಎಣ್ಣೆ ಬಿಡಬೇಕು.