ಅಜ್ಜಿಯ ಹಣ್ಣು ಜವನ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ನಂಜುಂಡೇಶ್ವರನ ತೇರಿಗೆ ಹಣ್ಣು ಜವನ ಎಸೆಯುವುದನ್ನು ನೀವು ನೋಡಿರಬಹುದು. ಬಾಳೆಹಣ್ಣಿಗೆ ಒಂದೆಸಳು ಜವನ, ಅಂದರೆ ದವನ, ಸಿಕ್ಕಿಸಿ, ಮನಸ್ಸಿನಲ್ಲಿ ಬೇಡಿಕೊಂಡು, ಬೀಸಿ ಒಗೆಯಬೇಕು. ಬಹಳಷ್ಟು ಹಣ್ಣು ತೇರಿನ ತನಕ ಹೋಗುವುದೇ ಇಲ್ಲ. ಮುಂದೆ ನಿಂತವರ ತಲೆ ಮೇಲೆ ಬೀಳುತ್ತವೆ. ನಮ್ಮ ಅಜ್ಜಿಯದು ಹಾಗಲ್ಲ. ಎಂಬತ್ತು ದಾಟಿದ ಮೇಲೂ ಅವಳ ಹಣ್ಣು ತೇರಿನ ಬಟ್ಟೆಗೇ ಬಡಿಯುತ್ತಿತ್ತು. "ಜೋಳದ ಹೊಲದಲ್ಲಿ ಕವಣೆ ಬೀಸಿ ಗಿಳಿ ಓಡಿಸಿದ ಕೈ ಕಣೋ ಇದು" ಅಂತ ಜಂಬ ಬೇರೆ.

ಅಜ್ಜಿ ತೀರಿಕೊಂಡಾಗ 93 ವರ್ಷ ಅಂತ ನಮ್ಮ ಲೆಕ್ಕ. ಕಾಗದಪತ್ರ ಏನೂ ಇಲ್ಲ. ಕನ್ನಂಬಾಡಿ ಕಟ್ಟೆ ಮುಗಿಯುವ ಹೊತ್ತಿಗೆ ಅವಳು ತೊಟ್ಟಿಲಲ್ಲಿದ್ದಳು ಅಂತ ಅವಳಮ್ಮ ಹೇಳಿದ್ದಷ್ಟೇ ಆಧಾರ. ವರ್ಷ ತುಂಬುವ ತನಕ ನಾವು ಜಾತ್ರೆ, ತೇರು ಅಂತ ಹೋಗುವ ಹಾಗಿರಲಿಲ್ಲ. ಈ ಸಲ ಹೋದೆವು. ಅವಳಿಲ್ಲದೆ ಮೊದಲ ಸಲ.

ಮೈಸೂರಿನಿಂದ ನಂಜನಗೂಡಿಗೆ ಬಸ್ಸು ಎಷ್ಟು ಬೇಕಾದರೂ ಇವೆ. ಅಜ್ಜಿಗೆ ಮಾತ್ರ ರೈಲೇ ಆಗಬೇಕು. ಆಗ ಮೀಟರ್‌ಗೇಜ್ ಗಾಡಿ. ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಹಳೇ ಕಲ್ಲಿನ ಸೇತುವೆ. ಒಂದೇ ಸೇತುವೆ ಮೇಲೆ ರೈಲೂ ಹೋಗಬೇಕು, ಎತ್ತಿನಗಾಡಿಯೂ ಹೋಗಬೇಕು. ಗಾಡಿ ಸೇತುವೆಗೆ ಬಂದಾಗ ಅಜ್ಜಿ ಕಿಟಕಿಯ ಸರಳಿನ ಸಂದಿಯಿಂದ ನಾಲ್ಕಾಣೆ ಒಗೆಯುತ್ತಿದ್ದಳು. ಅದೂ ನೀರಿಗೇ ಬೀಳುತ್ತಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡು, ನೆಂಟರ ಮನೆ ಜಗಲಿ ಹತ್ತಿದವಳ ಹಾಗೆ, "ಬಂದೆ ಕಣಪ್ಪಾ ನಂಜಪ್ಪಾ" ಅನ್ನುತ್ತಿದ್ದಳು. ಪಕ್ಕದಲ್ಲಿ ಕೂತವರು ತಮ್ಮನ್ನೇ ಕರೆದಳೇನೋ ಅಂತ ತಿರುಗಿ ನೋಡುತ್ತಿದ್ದರು.

ಅವಳ ಭಕ್ತಿಯೇ ಹಾಗಿತ್ತು. ಸೋಮವಾರ ಒಪ್ಪೊತ್ತು ಊಟ, ಹಣೆ ತುಂಬ ವಿಭೂತಿ, ಎಲ್ಲಾ ಸರಿ. ಆದರೆ ದೇವರ ಮುಂದೆ ಕೈಕಟ್ಟಿ ನಡುಗುತ್ತಾ ನಿಂತವಳಲ್ಲ. ಮೈಸೂರು ಸೀಮೆಯ ಜನಪದ ಹಾಡುಗಳಲ್ಲಿ ನಂಜುಂಡನಿಗೆ ಇಬ್ಬರು. ಮನೆಯಲ್ಲಿ ದೇವೀರಿ, ಬೆಟ್ಟದಲ್ಲಿ ಚಾಮುಂಡಿ. ಸವತಿಯರ ಜಗಳ, ನಡುವೆ ಸಿಕ್ಕಿಕೊಂಡ ಗಂಡನ ಪಾಡು, ಎಲ್ಲವನ್ನೂ ಹಾಡುತ್ತಾರೆ. ಅಜ್ಜಿ ರಾಗಿ ಬೀಸುತ್ತಾ ಅದನ್ನು ಕಲಿತವಳು. "ಎರಡು ಸಂಸಾರ ತೂಗಿಸೋನಿಗೆ ನನ್ನ ಒಂದು ಸಂಸಾರದ ಕಷ್ಟ ಗೊತ್ತಾಗಲ್ವಾ?" ಅಂತ ಅವಳ ವಾದ. ಪುರಾಣ ಗೊತ್ತಿದ್ದವರು ಮುಖ ಸಿಂಡರಿಸಬಹುದು. ನನಗಂತೂ ಇಷ್ಟು ಹತ್ತಿರದ ದೇವರನ್ನು ಬೇರೆ ಯಾರೂ ತೋರಿಸಿಲ್ಲ.

ಹಿರಿಮಗನಿಗೆ, ಅಂದರೆ ನಮ್ಮಪ್ಪನಿಗೆ, ನಂಜುಂಡ ಅಂತಲೇ ಹೆಸರಿಟ್ಟಿದ್ದಳು. ಹೀಗಾಗಿ ಮನೆಯಲ್ಲಿ ಬೈಗುಳ ಶುರುವಾದರೆ ಯಾವ ನಂಜುಂಡನಿಗೆ ಅಂತ ತಿಳಿಯುತ್ತಿರಲಿಲ್ಲ. "ಇಬ್ಬರಿಗೂ ಒಂದೇ ಸಲ ಆಗೋಯ್ತಲ್ಲ ಬಿಡು" ಅನ್ನುತ್ತಿದ್ದಳು.

ಹರಕೆಯ ವಿಷಯದಲ್ಲಿ ಅವಳ ಲೆಕ್ಕ ಖಡಕ್ಕು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಮಾಡಿ ಅಕ್ಕಿ ಡಬ್ಬದಲ್ಲಿ ಇಡುವಳು. ಕೆಲಸ ಆದಮೇಲೇ ಅದು ಹುಂಡಿಗೆ. ನಮ್ಮ ಚಿಕ್ಕತ್ತೆಯ ಮದುವೆ ಮುಡಿಪು ಆರು ವರ್ಷ ಡಬ್ಬದಲ್ಲಿತ್ತು. ಕೊನೆಗೆ ಗಂಡು ಸಿಕ್ಕಿ ಮದುವೆಯಾದ ಮೇಲೆ ತಗೊಂಡು ಹೋದಳು. ಹುಂಡಿಗೆ ಹಾಕುತ್ತಾ "ತಡ ಮಾಡಿದ್ದು ನೀನು, ಬಡ್ಡಿ ಕೇಳಬೇಡ" ಅಂದಳು. ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು.

ಒಂದೇ ಸಲ ಅವಳು ಚೌಕಾಸಿ ಮಾಡದೆ ಬೇಡಿಕೊಂಡದ್ದು ನನಗೆ ಗೊತ್ತು. ನನಗೆ ಹನ್ನೊಂದು ವರ್ಷ. ಕಾಮಾಲೆ ಜಾಸ್ತಿಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದೆ. ಎಪ್ಪತ್ತರ ಹತ್ತಿರ ಬಂದಿದ್ದ ಅಜ್ಜಿ ಒಬ್ಬಳೇ ನಂಜನಗೂಡಿಗೆ ಹೋಗಿ, ಹದಿನಾರು ಕಾಲು ಮಂಟಪದ ಹತ್ತಿರ ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ದೇವಸ್ಥಾನದ ಸುತ್ತ ಉರುಳುಸೇವೆ ಮಾಡಿದಳು. ಸಣ್ಣ ದೇವಸ್ಥಾನವೇನಲ್ಲ ಅದು. ಉದ್ದವೇ 385 ಅಡಿ ಇದೆ. ಮೊಣಕೈ ತರಚಿಕೊಂಡು ಬಂದವಳು ಯಾರಿಗೂ ಹೇಳಲಿಲ್ಲ. ಗಾಯಕ್ಕೆ ಅರಿಶಿನ ಹಚ್ಚುವಾಗ ಅಮ್ಮ ನೋಡಿದ್ದಕ್ಕೆ ಗೊತ್ತಾಯಿತು.

ಹಾಗಂತ ಔಷಧಿ ಬಿಡಿಸಿದವಳಲ್ಲ. ಮಾತ್ರೆಯನ್ನೂ ನುಂಗಿಸಿದಳು, ತೀರ್ಥವನ್ನೂ ಕುಡಿಸಿದಳು. ನಂಜುಂಡ ಅಂದರೇ ನಂಜು ಉಂಡವನು. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಹೋದಾಗ ಇಲ್ಲಿ ಪೂಜೆ ಮಾಡಿಸಿದ ಮೇಲೆ ವಾಸಿಯಾಯಿತಂತೆ. ಅದಕ್ಕೆ ಟಿಪ್ಪು ಪಚ್ಚೆ ಲಿಂಗ ಕೊಟ್ಟು ಹಕೀಮ್ ನಂಜುಂಡ ಅಂತ ಕರೆದನಂತೆ. ಊರಿನಲ್ಲಿ ಯಾರನ್ನು ಕೇಳಿದರೂ ಈ ಕಥೆ ಹೇಳುತ್ತಾರೆ. ಅಜ್ಜಿ ಇದನ್ನು ನನ್ನ ಡಾಕ್ಟರಿಗೇ ಹೇಳಿ, "ನಮ್ಮಪ್ಪಂದೂ ನಿಮ್ಮದೇ ಕಸುಬು" ಅಂತ ಸೇರಿಸಿದ್ದಳು. ಆ ಪುಣ್ಯಾತ್ಮರು ಮುಗುಳ್ನಕ್ಕು ಇನ್ನೊಂದು ಇಂಜೆಕ್ಷನ್ ಬರೆದರು.

2020ರಲ್ಲಿ ಲಾಕ್‌ಡೌನ್. ತೇರು ಇಲ್ಲ ಅಂತ ಟಿವಿಯಲ್ಲಿ ಹೇಳಿದಾಗ ಅಜ್ಜಿ ಇಡೀ ಮಧ್ಯಾಹ್ನ ಮಾತಾಡಲಿಲ್ಲ. ಸಂಜೆ ಎದ್ದು ನಡುಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ನಂಜುಂಡನ ಎದುರು ನಿಂತಳು. ಜವನ ಎಲ್ಲಿ ಸಿಗಬೇಕು? ಒಂದೆಸಳು ತುಳಸಿ ಸಿಕ್ಕಿಸಿದಳು. ಹೊಡೆದಳು ನೋಡಿ, ಪಟ್ ಅಂತ ಸರಿಯಾಗಿ ಏಪ್ರಿಲ್ ಹದಿನೈದನೇ ತಾರೀಖಿಗೆ. ಆ ಕಲೆ ಸುಣ್ಣ ಬಳಿದ ಮೇಲೂ ಗೋಡೆಯಲ್ಲಿ ತೆಳ್ಳಗೆ ಕಾಣುತ್ತದೆ.

ಈ ಸಲ ಬೆಳಗಿನ ಜಾವವೇ ಹೋಗಿ ರಥಬೀದಿಯಲ್ಲಿ ನಿಂತೆವು. ಅಪ್ಪ ರಸಬಾಳೆಯನ್ನೇ ಹುಡುಕಿ ತಂದಿದ್ದರು. ಸೊರಗು ರೋಗ ಬಿದ್ದ ಮೇಲೆ ನಂಜನಗೂಡಿನಲ್ಲೇ ನಂಜನಗೂಡು ರಸಬಾಳೆ ಹುಡುಕುವ ಹಾಗಾಗಿದೆ. ಬೇರೆ ಬಾಳೆ ಆಗುತ್ತೆ ಅಂದರೆ ಅಜ್ಜಿ ಒಪ್ಪುತ್ತಿರಲಿಲ್ಲ. "ಅವನ ಊರಿನ ಹಣ್ಣು ಅವನಿಗೆ ಕೊಡೋಕೂ ನಿಮಗೆ ಜಿಪುಣತನವಾ?" ಎರಡೇ ಎರಡು ಸಿಕ್ಕಿದ್ದವು.

ಐದು ತೇರುಗಳಲ್ಲಿ ಮೊದಲು ಗಣಪತಿಯದು ಹೋಯಿತು. ಆಮೇಲೆ ದೊಡ್ಡದು, ಗೌತಮ ರಥ. ಹಗ್ಗ ಬಿಗಿಯಿತು, ಜನ ಕೂಗಿದರು, ಚಕ್ರ ಕಿರ್ರೆಂದಿತು. ಅಪ್ಪ ಒಂದು ಹಣ್ಣು ನನ್ನ ಕೈಗಿತ್ತು "ನೀನೇ ಒಗಿ" ಅಂದರು. ಏನು ಬೇಡಿಕೊಳ್ಳಬೇಕು ಅಂತ ಯೋಚಿಸುವಷ್ಟರಲ್ಲಿ ತೇರು ಎದುರಿಗೆ ಬಂದೇಬಿಟ್ಟಿತು. ಏನನ್ನೂ ಬೇಡದೆ ಸುಮ್ನೆ ಬೀಸಿದೆ.

ಹಣ್ಣು ನಾಲ್ಕು ಸಾಲು ಮುಂದಿದ್ದ ಯಜಮಾನರೊಬ್ಬರ ಪೇಟಕ್ಕೆ ಬಡಿಯಿತು. ಅವರು ತಿರುಗಿ ನೋಡಿದರು. ಹಣ್ಣು ಎತ್ತಿಕೊಂಡು, ಜವನ ಕಿವಿಗೆ ಸಿಕ್ಕಿಸಿಕೊಂಡು, ಸಿಪ್ಪೆ ಸುಲಿದು ತಿಂದರು. "ರಸಬಾಳೆ!" ಅಂತ ಪಕ್ಕದವರಿಗೆ ಹೇಳಿದರು.

"ಅಮ್ಮ ಇದ್ದಿದ್ರೆ ನಿನ್ನ ಇಲ್ಲೇ ಬಿಟ್ಟು ಹೋಗೋಳು" ಅಂದರು ಅಪ್ಪ. ಅವರ ಕಣ್ಣು ಒದ್ದೆಯಾಗಿತ್ತು, ನಗುತ್ತಲೂ ಇದ್ದರು.

ಇನ್ನೊಂದು ಹಣ್ಣು ಉಳಿದಿತ್ತು. ಹಿಂದೆ ಅಮ್ಮನವರ ತೇರು ಬರುವುದಿತ್ತು. ನಾನು ಜನರ ನಡುವೆ ನುಗ್ಗಿ ಎರಡು ಸಾಲು ಮುಂದೆ ಹೋಗಿ ನಿಂತೆ.