ಲಿಬ್64 ಎಂಬ ಅರ್ಧ ವಿಳಾಸ

ಲ್ಯಾಪ್‌ಟಾಪಿನಲ್ಲಿ ಕುಳಿತು ಆರ್ಮ್ ಪ್ರೊಸೆಸರಿನ ಬೋರ್ಡೊಂದಕ್ಕೆ ಪ್ರೋಗ್ರಾಮ್ ಕಂಪೈಲ್ ಮಾಡಬೇಕಾಗಿ ಬಂದಾಗ, ಒಂದೇ ಹೆಸರಿನ ಲೈಬ್ರರಿಯ (ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ) ಇಂಟೆಲ್ ಪ್ರತಿಯನ್ನೂ ಆರ್ಮ್ ಪ್ರತಿಯನ್ನೂ ಒಂದೇ ಡಿಸ್ಕಿನಲ್ಲಿ ಎಲ್ಲಿಡಬೇಕೆಂಬ ಹಳೆಯ ಪ್ರಶ್ನೆ ನನಗೆ ಮತ್ತೆ ಎದುರಾಯಿತು. ಫೋಲ್ಡರಿನ ಹೆಸರು ಒಳಗಿರುವ ಕೋಡ್ ಯಾವ ಪ್ರೊಸೆಸರಿನದೆಂದು ಹೇಳಬೇಕೇ ಹೊರತು ಎಷ್ಟು ಬಿಟ್‌ನದೆಂದಷ್ಟೇ ಹೇಳಿದರೆ ಸಾಲದು ಎಂಬುದು ನನ್ನ ನಿಲುವು.

2003ರಲ್ಲಿ ಎಎಂಡಿಯ ಆಪ್ಟೆರಾನ್ ಪ್ರೊಸೆಸರ್ ಬಂದು, ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳ ಬಳಗವಾದ ಎಕ್ಸ್86 ಲೋಕಕ್ಕೆ 64 ಬಿಟ್ ಕಾಲಿಟ್ಟಾಗ, ಹಳೆಯ 32 ಬಿಟ್ ಪ್ರೋಗ್ರಾಮುಗಳು ತಮ್ಮ ಲೈಬ್ರರಿಗಳನ್ನು 'ಲಿಬ್' ಫೋಲ್ಡರಿನಲ್ಲಿಯೇ ಹುಡುಕುತ್ತಿದ್ದುದರಿಂದ, ರೆಡ್ ಹ್ಯಾಟ್ ಮೊದಲಾದ ಲಿನಕ್ಸ್ ಹಂಚಿಕೆಗಳು (ಡಿಸ್ಟ್ರಿಬ್ಯೂಷನ್‌ಗಳು) ಹೊಸಬರಿಗೆ 'ಲಿಬ್64' ಎಂಬ ಪಕ್ಕದ ಕೋಣೆಯನ್ನು ಕೊಟ್ಟವು. ಇಂದು ಆ ಯಂತ್ರಗಳಲ್ಲಿ 32 ಬಿಟ್ ಪ್ರೋಗ್ರಾಮುಗಳು ಅಪರೂಪವಾಗಿದ್ದರೂ ಮನೆಯ ನಡುಮನೆಯಾದ ಲಿಬ್ ಅವುಗಳ ಹೆಸರಿನಲ್ಲಿಯೇ ಇದೆ. ಅದಕ್ಕಿಂತ ದೊಡ್ಡ ತೊಡಕೆಂದರೆ 64 ಬಿಟ್ ಆರ್ಮ್ ಕೂಡ 64 ಬಿಟ್ಟೇ. ಇಂಟೆಲ್ ಪ್ರತಿ ಇರುವ ಲಿಬ್64ರಲ್ಲಿ ಅದೇ ಹೆಸರಿನ ಆರ್ಮ್ ಪ್ರತಿಗೆ ಜಾಗವಿಲ್ಲ. (ವಿಂಡೋಸ್‌ನಲ್ಲಿಯಂತೂ ಸಿಸ್ಟಮ್32ರಲ್ಲಿ 64 ಬಿಟ್ ಕಡತಗಳೂ ಸಿಸ್‌ವಾವ್64ರಲ್ಲಿ 32 ಬಿಟ್ ಕಡತಗಳೂ ಇವೆ.)

ಡೆಬಿಯನ್ ಎಂಬ ಲಿನಕ್ಸ್ ಹಂಚಿಕೆ 2013ರ ತನ್ನ 7ನೇ ಆವೃತ್ತಿಯಲ್ಲಿ ಬಳಕೆಗೆ ತಂದ ಮಲ್ಟಿಆರ್ಕ್ ಪದ್ಧತಿ ಈ ಕೊರತೆಯನ್ನು ನೀಗಿಸುತ್ತದೆ. ಅಲ್ಲಿ ಲಿಬ್ ಒಳಗೆ ಪ್ರತಿ ಆರ್ಕಿಟೆಕ್ಚರಿಗೂ ಪ್ರೊಸೆಸರ್, ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಮತ್ತು ಎಬಿಐ (ಕಂಪೈಲ್ ಆದ ಕೋಡುಗಳು ಪರಸ್ಪರ ವ್ಯವಹರಿಸುವ ನಿಯಮ) ಮೂರನ್ನೂ ಸೂಚಿಸುವ ಹೆಸರಿನ ಉಪಫೋಲ್ಡರ್ ಇರುತ್ತದೆ. ದಶಮಾಂಶ ಲೆಕ್ಕದ ಮೌಲ್ಯಗಳನ್ನು ಫಂಕ್ಷನ್ನಿಗೆ ರವಾನಿಸುವ ರೀತಿಯಲ್ಲಿ ಮಾತ್ರ ಬೇರೆಯಾಗಿರುವ ಎರಡು ಬಗೆಯ 32 ಬಿಟ್ ಆರ್ಮ್‌ಗಳಿಗೂ ಇಲ್ಲಿ ಬೇರೆ ಬೇರೆ ಹೆಸರುಗಳಿವೆ. ನನ್ನ ಕೆಲಸವೂ ಇದರಿಂದಲೇ ಸಲೀಸಾಯಿತು: ಆರ್ಮ್ ಲೈಬ್ರರಿಯ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿದೆ, ಅದು ಇಂಟೆಲ್ ಪ್ರತಿಯನ್ನು ಮುಟ್ಟದೆ ತನ್ನ ಪಾಡಿಗೆ ಕುಳಿತಿತು. ಆದರೂ ಡೆಬಿಯನ್ ಲಿಬ್64ರಿಂದ ಪೂರ್ತಿ ಬಿಡಿಸಿಕೊಂಡಿಲ್ಲ. ಲೈಬ್ರರಿಗಳನ್ನು ಓಡುವಾಗ ಜೋಡಿಸಿಕೊಳ್ಳುವ 64 ಬಿಟ್ ಎಕ್ಸ್86ರ ಪ್ರೋಗ್ರಾಮುಗಳೊಳಗೆ, ಆ ಜೋಡಣೆ ಮಾಡುವ ಡೈನಮಿಕ್ ಲೋಡರಿನ ವಿಳಾಸ ಲಿಬ್64 ಎಂದೇ ಅಚ್ಚಾಗಿರುವುದರಿಂದ, ಆ ಫೋಲ್ಡರನ್ನೂ ಅದರಲ್ಲಿ ನಿಜವಾದ ಲೋಡರಿನತ್ತ ತೋರುವ ಕೊಂಡಿಯೊಂದನ್ನೂ ಉಳಿಸಿಕೊಳ್ಳಲೇಬೇಕಾಗಿದೆ.

ಈ ಹೆಸರುಗಳೂ ಎಲ್ಲವನ್ನೂ ಹೇಳುವುದಿಲ್ಲವೆಂಬುದನ್ನು ಒಪ್ಪಬೇಕು. ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೊದಲ ಮಾದರಿಯಲ್ಲಿರುವುದು ಆರ್ಮ್‌ನ 6ನೇ ಪೀಳಿಗೆ. ಮೇಲೆ ಹೇಳಿದ ಎರಡು 32 ಬಿಟ್ ಆರ್ಮ್‌ಗಳಲ್ಲಿ ಒಂದಾದ ಡೆಬಿಯನ್‌ನ ಆರ್ಮ್‌ಎಚ್‌ಎಫ್ ಬಯಸುವುದು 7ನೆಯದನ್ನು. 6ನೇ ಪೀಳಿಗೆಗೆಂದೇ ಡೆಬಿಯನ್ ಅನ್ನು ಮತ್ತೆ ಕಂಪೈಲ್ ಮಾಡಿದ ರಾಸ್ಬಿಯನ್ ಕೂಡ ಅದೇ ಹೆಸರನ್ನು ಬಳಸುವುದರಿಂದ, ಫೋಲ್ಡರನ್ನು ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಎಕ್ಸ್86ರ ಮಟ್ಟಿಗೆ ಲಿನಕ್ಸಿನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2021ರ 2.33 ಆವೃತ್ತಿ ಇದಕ್ಕೊಂದು ದಾರಿ ಮಾಡಿದೆ: ಆರ್ಕಿಟೆಕ್ಚರಿನ ಫೋಲ್ಡರಿನೊಳಗೆ ಪ್ರೊಸೆಸರಿನ ಸಾಮರ್ಥ್ಯದ ಹಂತಗಳಿಗೆ ಮತ್ತೆ ಉಪಫೋಲ್ಡರುಗಳನ್ನಿಟ್ಟು, ಯಂತ್ರಕ್ಕೆ ಹೊಂದುವ ಪ್ರತಿಯನ್ನು ಲೋಡರೇ ಆರಿಸಿಕೊಳ್ಳುವಂತೆ ಮಾಡಿದೆ.